240 ಕಿಂಡಿಗಳ ಕೌದಿ

ಫೋಟೊದಲ್ಲಿ ಮನುಷ್ಯರು ಯಾರೂ ಇಲ್ಲ. ಒಂದಷ್ಟು ಮೆಟ್ಟಿಲು, ಪಕ್ಕದಲ್ಲಿ ಸಿಮೆಂಟ್ ಜಾಲಿಯ ಗೋಡೆ, ಆ ಜಾಲಿಯಿಂದ ಒಳಗೆ ಬಿದ್ದ ಬಿಸಿಲು. ಮೂರು ವರ್ಷದ ಹಿಂದೆ, ಜನವರಿಯ ಒಂದು ದಿನ ಸಂಜೆ ನಾಲ್ಕೂವರೆಗೆ ಫೋನಿನಲ್ಲಿ ತೆಗೆದದ್ದು. ಧಾರವಾಡದ ಹೊಸಯಲ್ಲಾಪುರದ ಒಂದು ಚಾಳ ಅದು. ನಾನು ಹುಟ್ಟಿದಾಗಿನಿಂದ ಹತ್ತನೇ ಕ್ಲಾಸ್ ಮುಗಿಯುವವರೆಗೆ ನಾವು ಅಲ್ಲಿ ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಆ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿದಿದ್ದೇನೆ. ಜಾಲಿಯನ್ನು ಮಾತ್ರ ಒಮ್ಮೆಯೂ ನಿಂತು ನೋಡಿರಲಿಲ್ಲ.

ಆ ದಿನ ಕೆಳಗಿನ ಮನೆಯ ಕಾಕುವನ್ನು ಕಾಣಲು ಹೋಗಿದ್ದೆ. ಚಹಾ ಕುಡಿದಾದ ಮೇಲೆ ಸುಮ್ನೆ ಒಮ್ಮೆ ಮೇಲೆ ಹೋಗಿ ಬರೋಣ ಅನ್ನಿಸಿತು. ನಾಲ್ಕನೇ ಮೆಟ್ಟಿಲಲ್ಲಿ ಕಾಲು ನಿಂತೇಬಿಟ್ಟಿತು. ಪಡುವಣದ ಬಿಸಿಲು ಜಾಲಿಯ ಒಳಗಿಂದ ಹಾದು, ಎದುರಿನ ಗೋಡೆಯ ಮೇಲೆ, ಮೆಟ್ಟಿಲ ಮೇಲೆ, ನನ್ನ ಸೀರೆಯ ಮೇಲೆ ಹೂವು ಚೆಲ್ಲಿದ ಹಾಗೆ ಬಿದ್ದಿತ್ತು. ಗೋಡೆಯ ಮೇಲೆ ಬಿದ್ದ ಹೂವು ಉದ್ದುದ್ದ ಎಳೆದ ಹಾಗೆ. ಮೆಟ್ಟಿಲ ಅಂಚಿಗೆ ಬಂದದ್ದು ಮುರಿದು ಎರಡು ತುಂಡು. ಒಂದು ಫೋಟೊ ತೆಗೆದೆ. ಇನ್ನೊಂದು ತೆಗೆಯುವಷ್ಟರಲ್ಲಿ ಬಿಸಿಲು ಸರಿದಿತ್ತು.

ಈ ಜಾಲಿ ನಿಮಗೂ ಗೊತ್ತಿರುತ್ತದೆ. ಒಂದು ಅಡಿ ಚೌಕದ ಸಿಮೆಂಟ್ ತುಂಡು, ಒಳಗೆ ಕಿಂಡಿಗಳು. ಹಳೆಯ ಶಾಲೆಗಳ ಮೊಗಸಾಲೆಯಲ್ಲಿ, ಬಸ್ ನಿಲ್ದಾಣದಲ್ಲಿ, ಸರಕಾರಿ ಕ್ವಾರ್ಟರ್ಸಿನ ಮೆಟ್ಟಿಲಲ್ಲಿ, ಬಚ್ಚಲುಮನೆಯ ಮೇಲ್ಭಾಗದಲ್ಲಿ ಇದನ್ನು ಕೂರಿಸುತ್ತಿದ್ದರು. ಗಾಳಿ ಬರಬೇಕು, ಬೆಳಕು ಬರಬೇಕು, ಮಳೆ ಆದಷ್ಟು ಹೊರಗೇ ಇರಬೇಕು, ಹೊರಗಿನವರಿಗೆ ಒಳಗಿನದು ಕಾಣಬಾರದು. ಇಷ್ಟೆಲ್ಲ ಕೆಲಸವನ್ನು ಒಂದು ಅಗ್ಗದ ತುಂಡು ಮಾಡುತ್ತಿತ್ತು. ಈಗಿನ ಮನೆಗಳಲ್ಲಿ ಅದರ ಜಾಗದಲ್ಲಿ ಗಾಜು ಬಂದಿದೆ.

ನಮ್ಮ ಚಾಳಿನ ಜಾಲಿಯ ವಿನ್ಯಾಸ ತೀರಾ ಸರಳ. ಒಂದು ತುಂಡಿನ ನಾಲ್ಕು ಮೂಲೆಯಲ್ಲಿ ನಾಲ್ಕು ಕಾಲು ವೃತ್ತದ ಕಿಂಡಿ. ನಡುವೆ ಉಳಿದ ಜಾಗದಲ್ಲಿ ನಾಲ್ಕು ಚೂಪು ತುದಿಯ, ಒಳಕ್ಕೆ ಬಾಗಿದ ನಕ್ಷತ್ರದಂಥ ಕಿಂಡಿ. ಒಟ್ಟು ಐದು. ಒಂದೇ ತುಂಡನ್ನು ನೋಡಿದರೆ ಅದರಲ್ಲಿ ಎಲ್ಲೂ ಪೂರ್ತಿ ವೃತ್ತ ಇಲ್ಲ. ನಾಲ್ಕು ತುಂಡು ಒಂದು ಮೂಲೆಯಲ್ಲಿ ಸೇರಿದಾಗ ಮಾತ್ರ ವೃತ್ತ ಹುಟ್ಟುತ್ತದೆ. ಜೋಳದ ರೊಟ್ಟಿಯನ್ನು ನಾಲ್ಕು ಭಾಗ ಮಾಡಿ ಸ್ವಲ್ಪ ಸ್ವಲ್ಪ ದೂರ ಸರಿಸಿಟ್ಟ ಹಾಗೆ. ಫೋಟೊದಲ್ಲಿ ಅಡ್ಡಕ್ಕೆ ಆರು, ಉದ್ದಕ್ಕೆ ಎಂಟು, ಒಟ್ಟು 48 ತುಂಡು ಕಾಣುತ್ತವೆ. ಅಂದರೆ 240 ಕಿಂಡಿ. ಪೂರ್ತಿ ವೃತ್ತಗಳು 35. ಅಂಚಿನಲ್ಲಿ ಅರ್ಧ ವೃತ್ತ, ಮೂಲೆಗಳಲ್ಲಿ ಕಾಲು.

ಬೆಂಗಳೂರಿಗೆ ಬಂದ ಮೇಲೆ ಎಷ್ಟೋ ದಿನ ಆ ಫೋಟೊ ನೋಡುತ್ತಿದ್ದೆ. ದೊಡ್ಡದು ಮಾಡಿ ನೋಡಿದ ಮೇಲೆ ಬೇರೆಯದೇ ಒಂದು ಸಂಗತಿ ಕಂಡಿತು. ಆ ಕಿಂಡಿಗಳು ಖಾಲಿ ಇರಲಿಲ್ಲ. ಒಂದರಲ್ಲಿ ಕಸಬರಿಗೆಯ ಹಿಡಿ ಸಿಕ್ಕಿಸಿದ್ದರು. ಒಂದರಲ್ಲಿ ಸುತ್ತಿಟ್ಟ ಪೇಪರು. ಒಂದರಲ್ಲಿ ಪಾರಿವಾಳ ತಂದಿಟ್ಟ ನಾಲ್ಕು ಕಡ್ಡಿ. ಮೇಲಿನಿಂದ ಎರಡನೇ ಸಾಲಲ್ಲಿ ಒಂದು ತುಂಡು ಒಡೆದುಹೋಗಿತ್ತು, ಅಲ್ಲಿ ಯಾರೋ ಇಟ್ಟಿಗೆ ಇಟ್ಟು ಮುಚ್ಚಿದ್ದರು. ಉಳಿದ ಕಿಂಡಿಗಳಲ್ಲಿ ಒಂದೊಂದರ ಆಚೆ ಒಂದೊಂದು ಬಣ್ಣ. ಕೆಳಗಿನ ಸಾಲಿನಲ್ಲಿ ಎದುರು ಮನೆಯ ಹಳದಿ ಗೋಡೆ. ನಡುವೆ ಬೇವಿನ ಹಸಿರು. ಬಲಗಡೆ ಹಗ್ಗದ ಮೇಲೆ ಒಣಗಿದ ಬಟ್ಟೆ. ಮೇಲೆ ಆಕಾಶ. ಆ ಆಕಾಶವೂ ಒಂದೇ ಬಿಳಿ ಆಗಿರಲಿಲ್ಲ.

ಅಚ್ಚು ಹಾಕಿದವನು ಎಲ್ಲ ಕಿಂಡಿಯನ್ನೂ ಒಂದೇ ಥರ ಮಾಡಿದ್ದ. ಚಾಳಿನ ಜನ ಅವನ್ನು ಒಂದೊಂದು ಥರ ಮಾಡಿಕೊಂಡಿದ್ದರು. ಇದನ್ನು ಬಟ್ಟೆಯಲ್ಲೇ ಹೊಲಿಯಬೇಕು ಅಂತ ನನಗೆ ಅನ್ನಿಸಿದ್ದು ಆಗಲೇ.

ನಾನು ಹೊಲಿಗೆ ಕಲಿತದ್ದು ಅವ್ವನಿಂದ. ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಕೈಯಲ್ಲಿ ಹೊಲಿಯುವ ಹೊದಿಕೆಗೆ ನಮ್ಮ ಕಡೆ ಕೌದಿ ಅಂತಾರೆ. ಕೆಲವು ವರ್ಷಗಳಿಂದ ಗೋಡೆಗೆ ಹಾಕುವಂಥ ಸಣ್ಣ ಕೌದಿಗಳನ್ನು ಹೊಲಿಯುತ್ತಿದ್ದೇನೆ. ಇದನ್ನು ಈಗ ಆರ್ಟ್ ಕ್ವಿಲ್ಟ್ ಅಂತಾರೆ. ಹೊದೆಯಲು ಅಲ್ಲ, ನೋಡಲು. ಈ ಹೆಸರಿನ ಬಗ್ಗೆ ನನಗೆ ಪೂರ್ತಿ ಸಮಾಧಾನ ಇಲ್ಲ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಒಂದು ಪುಟ್ಟ ಊರಿದೆ, ಅಲಬಾಮಾ ನದಿಯ ತಿರುವಿನಲ್ಲಿ. ಗುಲಾಮರಾಗಿ ದುಡಿದವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಅಲ್ಲಿನ ಹೆಂಗಸರು ಹೊಲದಲ್ಲಿ ತೊಟ್ಟು ಸವೆದ ಪ್ಯಾಂಟು, ಅಂಗಿಗಳನ್ನು ಸೇರಿಸಿ ಚಳಿಗೆ ಹೊದಿಕೆ ಹೊಲಿಯುತ್ತಿದ್ದರು. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೂ ಬಂದವು. ಮೊಣಕಾಲಿನ ಜಾಗ ಮಾಸಿ, ಕಿಸೆ ಇದ್ದ ಜಾಗ ಗಾಢವಾಗಿ ಉಳಿದ ಆ ನೀಲಿಯ ಚಿತ್ರಗಳನ್ನು ನೋಡಿದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಅವರು ಹೊಲಿದದ್ದು ಹೊದೆಯಲು. ನೋಡುವವರಿಗೆ ಅದು ಕಲೆ. ಎರಡೂ ಒಂದೇ ಬಟ್ಟೆಯಲ್ಲಿ ಇರಬಹುದು, ಅಲ್ವಾ?

ನನ್ನ ಮೊದಲ ಪ್ರಯತ್ನ ಕೆಟ್ಟಿತು. ಅದರ ಕಾರಣ ಹೇಳುತ್ತೇನೆ, ಯಾಕೆಂದರೆ ಹೊಲಿಯುವವರಿಗೆ ಇದು ಉಪಯೋಗಕ್ಕೆ ಬರಬಹುದು. ನಾನು ಫೋಟೊವನ್ನು ಗ್ರಾಫ್ ಹಾಳೆಗೆ ಇಳಿಸಿದೆ. ಒಂದು ಅಡಿಗೆ ಆರು ಇಂಚು, ಅಂದರೆ ಅರ್ಧ ಅಳತೆ. ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದ. ಅಂಗಡಿಯಿಂದ ಹೊಸ ಬೂದು ಬಟ್ಟೆ, ಹೊಸ ಬಿಳಿ ಬಟ್ಟೆ ತಂದೆ. ಒಂದೊಂದು ಕಾಲು ವೃತ್ತವನ್ನೂ ಕತ್ತರಿಸಿ, ಬಾಗಿದ ಅಂಚಿಗೆ ಬಾಗಿದ ಅಂಚು ಕೂಡಿಸಿ ಮಷಿನ್‌ನಲ್ಲಿ ಹೊಲಿದೆ.

ಬಾಗಿದ ಅಂಚು ನೇರ ಅಂಚಿನ ಹಾಗೆ ಮಾತು ಕೇಳುವುದಿಲ್ಲ. ಬಟ್ಟೆಯ ಎಳೆ ಅಲ್ಲಿ ಓರೆ ಬರುತ್ತದೆ, ಓರೆ ಎಳೆ ಹಿಗ್ಗುತ್ತದೆ. ಒಂದು ತುಂಡಿನ ಅಂಚು ಉಬ್ಬು, ಇನ್ನೊಂದರದು ತಗ್ಗು, ಎರಡರ ಉದ್ದ ಬೇರೆ ಬೇರೆ. ಹೊಲಿಗೆಗೆ ಬಿಡುವ ಕಾಲು ಇಂಚಿನಲ್ಲಿ ಒಂದು ನೂಲಿನಷ್ಟು ಹೆಚ್ಚುಕಮ್ಮಿ ಆದರೂ ನಾಲ್ಕು ತುಂಡು ಸೇರಿದಾಗ ವೃತ್ತ ವೃತ್ತವಾಗಿ ಉಳಿಯುವುದಿಲ್ಲ. ಎರಡು ತಿಂಗಳು ಇದರಲ್ಲೇ ಕಳೆದೆ. ಕೊನೆಗೆ ಹನ್ನೆರಡು ತುಂಡು ಚೊಕ್ಕಟವಾಗಿ ಕೂಡಿದವು. ಗೋಡೆಗೆ ಪಿನ್ ಮಾಡಿ ದೂರ ನಿಂತು ನೋಡಿದೆ. ಅಳತೆ ಸರಿಯಿತ್ತು. ಆದರೆ ಅದು ಹೊಸ ಹೋಟೆಲಿನ ಬಚ್ಚಲಿಗೆ ಅಂಟಿಸಿದ ಟೈಲ್ಸ್ ಹಾಗೆ ಕಾಣುತ್ತಿತ್ತು. ಚಾಳಿನ ಮೆಟ್ಟಿಲು ಅಲ್ಲಿರಲಿಲ್ಲ. ಬಿಚ್ಚಿಟ್ಟೆ.

ಆಮೇಲೆ ಒಂದು ದಿನ ಊರ ಹೊರಗೆ, ರಸ್ತೆ ಬದಿಯಲ್ಲಿ ಬಾವಿ ರಿಂಗು, ಬೇಲಿ ಕಂಬ, ಜಾಲಿ ಮಾಡಿ ಮಾರುವ ಒಂದು ಜಾಗಕ್ಕೆ ಹೋದೆ. ಅಚ್ಚು ನೋಡಬೇಕಿತ್ತು. ಕಬ್ಬಿಣದ ಚೌಕಟ್ಟು, ಒಳಗೆ ಕಿಂಡಿಯ ಆಕಾರದ ಕಬ್ಬಿಣದ ಗುಬುಟುಗಳು. ಅದಕ್ಕೆ ಎಣ್ಣೆ ಸವರಿ, ಮರಳು ಸಿಮೆಂಟು ತುಂಬಿ, ನಡುವೆ ತೆಳುವಾದ ಕಬ್ಬಿಣದ ತಂತಿ ಕೂರಿಸಿ, ಮೇಲೆ ಮಟ್ಟ ಮಾಡುತ್ತಾರೆ. ಗಟ್ಟಿಯಾದ ಮೇಲೆ ಬಿಡಿಸಿ, ದಿನಗಟ್ಟಲೆ ನೀರು ಉಣಿಸುತ್ತಾರೆ. ಆ ಗುಬುಟುಗಳನ್ನು ಮುಟ್ಟಿ ನೋಡಿದೆ. ಬುಡದಲ್ಲಿ ದಪ್ಪ, ತುದಿಗೆ ಬರುತ್ತಾ ಸ್ವಲ್ಪ ಸಣ್ಣ. ಯಾಕೆ ಹೀಗೆ ಅಂತ ಕೇಳಿದೆ. ಕೆಲಸ ಮಾಡುತ್ತಿದ್ದವರು ತಲೆ ಎತ್ತದೆ ಹೇಳಿದರು, "ನೇರ ಇದ್ರೆ ಅಚ್ಚು ಕಿತ್ಕೊಂಡು ಬರಲ್ಲ ಮೇಡಂ. ಒಳಗೇ ಕಚ್ಕೊಂಡ್ಬಿಡುತ್ತೆ."

ನನಗೆ ಫೋಟೊದ ಒಂದು ಗುಟ್ಟು ಬಿಡಿಸಿಕೊಂಡ ಹಾಗಾಯಿತು. ಪ್ರತಿ ಕಿಂಡಿಯ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಹೊಳಪಿನ ಗೆರೆ ಇತ್ತು. ಅದೇನು ಅಂತ ಗೊತ್ತಾಗಿರಲಿಲ್ಲ. ಕಿಂಡಿ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಹಾಗಾಗಿ ಒಳಗೋಡೆ ಸ್ವಲ್ಪ ಓರೆ. ಆ ಓರೆಯ ಮೇಲೆ ಬಿಸಿಲು ಕೂತಿತ್ತು. ಗ್ರಾಫ್ ಹಾಳೆಯಲ್ಲಿ ನಾನು ಅದನ್ನು ಬಿಟ್ಟೇಬಿಟ್ಟಿದ್ದೆ. ಈಗ ಅದು ಸಿಕ್ಕಿತು. ಅದನ್ನು ಬಟ್ಟೆಯಲ್ಲಿ ತೋರಿಸಲು ಹೋಗದೆ ದಾರದಲ್ಲಿ ತೋರಿಸಬೇಕು ಅಂತ ಅಲ್ಲೇ ನಿರ್ಧಾರ ಮಾಡಿದೆ. ನಮ್ಮ ಕಡೆಯ ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ ಇದೆ. ಒಂದು ಸಲ ಬಿಟ್ಟು ಬಿಟ್ಟು ಹೊಲಿದುಕೊಂಡು ಹೋಗಿ, ಹಿಂದಿರುಗುವಾಗ ಬಿಟ್ಟ ಜಾಗ ತುಂಬುತ್ತಾ ಬರುವುದು. ಗಂಟು ಹಾಕುವಂತಿಲ್ಲ. ಎರಡೂ ಮಗ್ಗುಲಿಗೆ ಒಂದೇ ಗೆರೆ. ಆ ಹೊಳಪಿಗೆ ಇದಕ್ಕಿಂತ ಒಪ್ಪುವ ಹೊಲಿಗೆ ಇನ್ನೊಂದಿಲ್ಲ.

ಕಲ್ಲಿನಲ್ಲಿ ಈ ಕೆಲಸ ಹೇಗೆ ಮಾಡಿದ್ದಾರೆ ನೋಡೋಣ ಅಂತ ಬೇಲೂರಿಗೂ ಹೋಗಿ ಬಂದೆ. 1117ರ ಚೆನ್ನಕೇಶವ ಗುಡಿಯ ನವರಂಗ, ಅಂದರೆ ಕಂಬಗಳ ಮಂಟಪ, ಮೊದಲು ತೆರೆದೇ ಇತ್ತು. ಆಮೇಲೆ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಜಾಲಂಧ್ರಗಳನ್ನು, ಅಂದರೆ ಕಲ್ಲಿನ ಜಾಲಿಗಳನ್ನು ಕೂರಿಸಿದರು. ಒಟ್ಟು 28. ಒಳಗೆ ನಿಂತು ಹೊರಗೆ ನೋಡಿದರೆ ನಕ್ಷತ್ರದ ಆಕಾರದ ಕಿಂಡಿಗಳು ಬೆಳಕು, ಕಲ್ಲು ಕಪ್ಪು. ಹೊರಗೆ ಬಂದು ಒಳಗೆ ನೋಡಿದರೆ ಕಲ್ಲು ಬೆಳಕು, ಕಿಂಡಿ ಕಪ್ಪು. ಜಾಲಿಯ ಸ್ವಭಾವವೇ ಇದು, ನಿಂತ ಕಡೆಯಿಂದ ಅದು ತಿರುಗಿಬೀಳುತ್ತದೆ. ಹೊಲಿಯುವವಳು ಯಾವ ಕಡೆ ನಿಂತಿದ್ದೇನೆ ಅಂತ ಮೊದಲೇ ಹೇಳಿಕೊಳ್ಳಬೇಕು. ನಾನು ಒಳಗೆ, ಮೆಟ್ಟಿಲ ಮೇಲೆ ನಿಂತವಳು. ನನ್ನ ಕೌದಿಯಲ್ಲಿ ಸಿಮೆಂಟು ಕತ್ತಲು, ಕಿಂಡಿ ಬೆಳಕು.

ಜಾಲಿ ಮತ್ತು ಕೌದಿ ನನ್ನ ತಲೆಯಲ್ಲಿ ಮಾತ್ರ ಕೂಡಿದವು ಅಂದುಕೊಂಡಿದ್ದೆ. ಹಾಗಲ್ಲ. ಅಹಮದಾಬಾದಿನಲ್ಲಿ ಸಿದಿ ಸಯ್ಯದ್ ಮಸೀದಿ ಇದೆ, 1573ರದ್ದು. ಮರದ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡ ಅದರ ಕಲ್ಲಿನ ಜಾಲಿ ಜಗತ್ತಿಗೇ ಗೊತ್ತು. ಅದನ್ನು ಕಟ್ಟಿಸಿದವರು ಆಫ್ರಿಕಾ ಮೂಲದವರು. ಇತ್ತ ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಇರುವ ಸಿದ್ದಿಗಳೂ ಆಫ್ರಿಕಾದಿಂದ ಬಂದವರ ಮಕ್ಕಳೇ. ಇವರ ಚರಿತ್ರೆ ಬೇರೆ, ಬಂದ ದಾರಿಯೂ ಬೇರೆ, ಬಹಳಷ್ಟು ಜನ ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಅಂತಾರೆ. ಅದು ಒಂದು ಮೂಲೆಯಿಂದ ಶುರುವಾಗಿ, ಅಂಚು ಹಿಡಿದು ಸುತ್ತುತ್ತಾ, ನಡುವಿಗೆ ಬಂದು ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮಾಡಿದ ಮುಕ್ಕೋನದ ಹೂವು ಇಡುತ್ತಾರೆ. ಅದು ಇಲ್ಲದಿದ್ದರೆ ಕವಂದಿ ಬರಿಮೈಯಲ್ಲಿ ಇದ್ದ ಹಾಗೆ ಅನ್ನುತ್ತಾರೆ.

ಮತ್ತೆ ಬಣ್ಣಕ್ಕೆ ಬರುತ್ತೇನೆ. ಅಂಗಡಿಯ ಬೂದು ಸಿಮೆಂಟಿನ ಬೂದು ಅಲ್ಲ. ಐವತ್ತು ವರ್ಷದ ಜಾಲಿಯಲ್ಲಿ ಸುಣ್ಣ ಇರುತ್ತದೆ, ಹೊಗೆ ಇರುತ್ತದೆ, ಮಳೆಗಾಲದ ಪಾಚಿಯ ಕಲೆ ಇರುತ್ತದೆ. ಒಳಗಿನ ತಂತಿ ತುಕ್ಕು ಹಿಡಿದು ಇಳಿದ ಕಂದು ಗೆರೆ ಇರುತ್ತದೆ. ನಾನೇ ಬಣ್ಣ ಹಾಕಲು ಹೊರಟೆ. ಗ್ರಂಥಿಗೆ ಅಂಗಡಿಯಿಂದ ಅಳಲೆಕಾಯಿ ಪುಡಿ ತಂದೆ. ಅಪ್ಪನ ಎರಡು ಹಳೆಯ ಧೋತರ, ಅವ್ವನ ಒಂದು ಕಾಟನ್ ಸೀರೆ ಅದರ ನೀರಿನಲ್ಲಿ ಒಂದು ರಾತ್ರಿ ನೆನೆದವು. ಬಿಸಿಲಿಗೆ ಹಾಕಿದಾಗ ಬೆಣ್ಣೆ ಬಣ್ಣ. ಇನ್ನೊಂದು ಕಡೆ, ಮಣ್ಣಿನ ಮಡಕೆಯಲ್ಲಿ ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಹಾಕಿ ಮೂರು ವಾರ ಕೊಳೆಯಲು ಬಿಟ್ಟಿದ್ದೆ. ಕಲಂಕಾರಿಯವರು ಕಪ್ಪು ಬಣ್ಣ ಮಾಡುವುದು ಹೀಗೆಯೇ. ಅದರಲ್ಲಿ ಸ್ವಲ್ಪ ತೆಗೆದು ಜಾಸ್ತಿ ನೀರು ಬೆರೆಸಿ, ಬೆಣ್ಣೆ ಬಣ್ಣದ ಬಟ್ಟೆಯನ್ನು ಮುಳುಗಿಸಿದೆ. ಅಳಲೆಯ ಒಗರು ಮತ್ತು ಕಬ್ಬಿಣ ಕೂಡಿದ ಕ್ಷಣವೇ ಬಟ್ಟೆ ಕಣ್ಣೆದುರಿಗೆ ಬೂದು ಆಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಹೊಸದು.

ಬಕೆಟ್ ಸಣ್ಣದಿತ್ತು. ಬಟ್ಟೆ ಮುದ್ದೆಯಾಗಿ ಕೂತು, ಮಡಿಕೆಯ ಒಳಗೆ ತಿಳಿ, ಹೊರಗೆ ಗಾಢ ಬಂತು. ಒಂದೆರಡು ಕಡೆ ಮೊಳೆಯ ತುಕ್ಕೇ ಅಂಟಿ ಕಂದು ಕಲೆ ಆಯಿತು. ಹಗ್ಗದ ಮೇಲೆ ಹರವಿ ನೋಡಿದರೆ ಎದೆ ಝಲ್ ಅಂದಿತು. ಅದು ಚಾಳಿನ ಗೋಡೆಯೇ.

ಈ ಕಬ್ಬಿಣದ ವಿಷಯದಲ್ಲಿ ಒಂದು ಎಚ್ಚರ ಬೇಕು. ಜಾಲಿ ಒಡೆಯುವುದು ಒಳಗಿನ ತಂತಿಯಿಂದ. ಸಿಮೆಂಟಿನ ಒಳಗೆ ನೀರು ಇಳಿದು ತಂತಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಉಬ್ಬುತ್ತದೆ, ಸಿಮೆಂಟನ್ನು ಒಳಗಿನಿಂದ ಸೀಳುತ್ತದೆ. ಬಟ್ಟೆಯಲ್ಲೂ ಹಾಗೇ. ಕಬ್ಬಿಣ ಜಾಸ್ತಿ ಉಳಿದರೆ ವರ್ಷಗಳು ಹೋದಂತೆ ನೂಲು ಒಣಗಿದ ಎಲೆಯ ಹಾಗೆ ಪುಡಿಯಾಗುತ್ತದೆ. ತುಂಡಿಗೆ ಬಲ ಕೊಟ್ಟದ್ದು, ಬಟ್ಟೆಗೆ ಬಣ್ಣ ಕೊಟ್ಟದ್ದು ಅದೇ, ತಿನ್ನುವುದೂ ಅದೇ. ಅದಕ್ಕೇ ಕಬ್ಬಿಣದ ನೀರು ತೆಳುವಾಗಿರಬೇಕು, ಬಟ್ಟೆಯನ್ನು ಹತ್ತು ನೀರಿನಲ್ಲಿ ತೊಳೆಯಬೇಕು. ನಾನು ಹನ್ನೊಂದು ನೀರು ಬದಲಿಸಿದೆ. ಇದು ಎಷ್ಟು ವರ್ಷ ಬಾಳುತ್ತದೋ ನೋಡಬೇಕು. ಜಾಲಿಯಷ್ಟು ಬಾಳಿದರೆ ನನಗೆ ಸಾಕು.

ಬೂದು ಬಟ್ಟೆ ಸಿದ್ಧವಾದ ಮೇಲೆ ಅದನ್ನೂ ಹಳೆ ಬಟ್ಟೆಗಳ ಗಂಟನ್ನೂ ಕಟ್ಟಿಕೊಂಡು ಧಾರವಾಡಕ್ಕೆ ಹೋದೆ. ಕಾಕು ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಎಂಬತ್ತು ದಾಟಿದ ಮೇಲೂ ಸೂಜಿಗೆ ದಾರ ತಾವೇ ಪೋಣಿಸುತ್ತಾರೆ. ನಾನು ಬಿಚ್ಚಿಟ್ಟಿದ್ದ ಆ ಹನ್ನೆರಡು ತುಂಡನ್ನು ತೋರಿಸಿದೆ. ಬೆರಳಿನಿಂದ ಒಂದನ್ನು ಎತ್ತಿ ನೋಡಿದರು.

"ಇಷ್ಟ್ಯಾಕ ಹರದೀ ಯವ್ವಾ? ಹಿಂಗ ಚೂರಚೂರ ಮಾಡಿ ಕೂಡಿಸಿದ್ರ ಅರಿವಿಗೆ ಜೀವ ಇರತೈತೇನ?"

ಆಮೇಲೆ ಹೇಳಿದರು, ಮೇಲೆ ಒಂದು ಅರಿವೆ ಹಾಸು, ಕೆಳಗೆ ಬೇಕಾದ ತ್ಯಾಪಿ (ತೇಪೆಯ ತುಂಡು) ಇಟ್ಟುಕೋ, ಮೇಲಿನದನ್ನು ಎಲ್ಲಿ ಬೇಕೋ ಅಲ್ಲಿ ಕಿಂಡಿ ಕೊಯ್ದು ಅಂಚು ಒಳಗೆ ಮಡಚಿ ಹೊಲಿ. ಗೋಡೆಗೆ ತೂತು ಮಾಡಿದ ಹಾಗೆ. ನಾನು ಎರಡು ತಿಂಗಳು ಕಷ್ಟಪಟ್ಟದ್ದಕ್ಕೆ ಅವರು ಒಂದೇ ಮಾತಿನಲ್ಲಿ ದಾರಿ ತೋರಿಸಿದರು. ಜಾಲಿ ತುಂಡು ತುಂಡು ಕೂಡಿಸಿದ್ದು ನಿಜ. ಆದರೆ ಮೆಟ್ಟಿಲಲ್ಲಿ ನಿಂತವರಿಗೆ ಅದು ಒಂದೇ ಗೋಡೆ, ಅದರಲ್ಲಿ ಬೆಳಕಿನ ಕಿಂಡಿ.

ಅವರ ಮನೆಯ ನಡುಮನೆಯಲ್ಲಿ ನಾಲ್ಕು ದಿನ ಕೂತೆವು. ನೆಲಕ್ಕೆ ಮೊದಲು ಹಿಂಭಾಗದ ಬಟ್ಟೆ ಹಾಸಿದೆವು, ತೆಳುವಾದ ಒಂದು ಬಿಳಿ ಸೀರೆ. ಮೂಲೆಗೊಂದು ಕಲ್ಲು. ಅದರ ಮೇಲೆ ಒಂದು ಹಳೇ ಧೋತರ. ಅದರ ಮೇಲೆ ಬೆಳಕಿನ ತುಂಡುಗಳು. ಎಲ್ಲದರ ಮೇಲೆ ಬೂದು ಬಟ್ಟೆ. ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಬಿಗಿ ಮಾಡಿದೆವು. ಹಳೇ ಬಟ್ಟೆ ಯಾಕೆ ಬೇಕು ಅನ್ನುವುದು ಇಲ್ಲಿ ಕೈಗೆ ಗೊತ್ತಾಗುತ್ತದೆ. ನೂರಾರು ಸಲ ಒಗೆದ ಕಾಟನ್ ಒಳಗೆ ಸೂಜಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಗಂಜಿ ಬಿಡದ ಹೊಸ ಬಟ್ಟೆ ಬೆರಳು ನೋಯಿಸುತ್ತದೆ. ಪಾಲಿಯೆಸ್ಟರ್ ಸೀರೆ ಹಾಕಿದರೆ ಪದರಗಳು ಒಂದರ ಮೇಲೊಂದು ಜಾರುತ್ತವೆ. ಈಗ ಎಲ್ಲರ ಮನೆಯಲ್ಲೂ ಅದೇ ಇರುವುದರಿಂದ ಅದರಲ್ಲೇ ಹೊಲಿಯುತ್ತಾರೆ. ಬಣ್ಣ ಚೆನ್ನಾಗಿ ಉಳಿಯುತ್ತದೆ, ಬೆವರು ಮಾತ್ರ ಹೀರುವುದಿಲ್ಲ.

ಬೆಳಕಿನ ತುಂಡುಗಳನ್ನು ಆರಿಸುವುದೇ ನನಗೆ ಅತಿ ಇಷ್ಟವಾದ ಕೆಲಸ. ಗಂಟಿನಲ್ಲಿ ಎಷ್ಟು ಬಿಳಿ ಇತ್ತು ಗೊತ್ತಾ! ಅಪ್ಪನ ಧೋತರದ ಬಿಳಿ ಸ್ವಲ್ಪ ಹಳದಿ. ನನ್ನ ಶಾಲೆಯ ಅಂಗಿಯ ಬಿಳಿ ನೀಲಿ ಹಾಕಿ ಹಾಕಿ ತಿಳಿ ನೀಲಿ. ದಿಂಬಿನ ಚೀಲದ ಬಿಳಿ ಹಾಲಿನ ಕೆನೆ. ಅಜ್ಜಿಯ ಸೆರಗಿನ ಬಿಳಿಯಲ್ಲಿ ಅಡಿಗೆ ಮನೆಯ ಹೊಗೆ. ಆಕಾಶಕ್ಕೆ ಇವೆಲ್ಲ ಬೇಕಾದವು. ಬೇವಿನ ಹಸಿರಿಗೆ ಅವ್ವನ ಮೂರು ರವಿಕೆ. ಎದುರು ಗೋಡೆಗೆ ಅರಿಶಿನ ಬಣ್ಣದ ಪರದೆ. ಹಗ್ಗದ ಮೇಲಿನ ಬಟ್ಟೆಗೆ ಇಳಕಲ್ ಸೀರೆಯ ತೋಪು ತೆನೆ ಸೆರಗು, ಕೆಂಪಿನಲ್ಲಿ ಬಿಳಿಯ ಹಲ್ಲು ಹಲ್ಲು. ಎರಡೇ ಕಿಂಡಿಯಲ್ಲಿ ಅದು ಕಾಣುತ್ತದೆ, ಆದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಇಟ್ಟಿಗೆ ಮುಚ್ಚಿದ ಜಾಗಕ್ಕೆ ಗುಳೇದಗುಡ್ಡದ ರವಿಕೆ ಖಣ. ಮಾಸಿದ ಆ ಕೆಂಪು ಅಲ್ಲಿ ಇಟ್ಟಿಗೆಗಿಂತ ಬೆಚ್ಚಗಿದೆ.

ಕಿಂಡಿ ಕೊಯ್ಯುವುದು ನಿಧಾನದ ಕೆಲಸ. ಕಾಲು ವೃತ್ತದ ಬಾಗಿಗೆ ಅಂಚಿನಲ್ಲಿ ಸಣ್ಣ ಸಣ್ಣ ಕತ್ತರಿ ಗೀಟು ಕೊಟ್ಟರೆ ಮಡಿಕೆ ಅರಳಿಕೊಂಡು ಕೂರುತ್ತದೆ. ನಕ್ಷತ್ರದ ಬಾಗು ಉಲ್ಟಾ, ಅಲ್ಲಿ ಬಟ್ಟೆ ಮುದುಡುತ್ತದೆ, ಸೂಜಿಯ ಮೊನೆಯಿಂದ ಒಳಗೆ ತಳ್ಳಿ ತಳ್ಳಿ ಹೊಲಿಯಬೇಕು. ಚೂಪು ತುದಿಯಲ್ಲಿ ಮಡಚಲು ಬಟ್ಟೆಯೇ ಉಳಿಯುವುದಿಲ್ಲ. ಅಲ್ಲಿ ನಾಲ್ಕಾರು ಹೊಲಿಗೆ ಒತ್ತಾಗಿ ಬೇಕು. ದಿನಕ್ಕೆ ಮೂರು ಕಿಂಡಿ ಆದರೆ ಹೆಚ್ಚು. ನಾಲ್ಕು ದಿನದಲ್ಲಿ ಕೆಳಗಿನ ಒಂದು ಸಾಲೂ ಮುಗಿಯಲಿಲ್ಲ. ಉಳಿದದ್ದು ಬೆಂಗಳೂರಿನಲ್ಲಿ, ಬೆಳಿಗ್ಗೆ ಅಡಿಗೆಗೆ ಮೊದಲು ಒಂದು ಗಂಟೆ, ರಾತ್ರಿ ಒಂದು ಗಂಟೆ. ಮೂರು ತಿಂಗಳಿಗೆ ಕಿಂಡಿ ಮುಗಿದವು.

ಆಮೇಲೆ ಕೌದಿಯ ನಿಜವಾದ ಹೊಲಿಗೆ. ಅಂಚಿನಿಂದ ಶುರುಮಾಡಿ, ಅರ್ಧ ಇಂಚಿಗೊಂದು ಸಾಲು, ಸುತ್ತಿ ಸುತ್ತಿ ನಡುವಿಗೆ. ಮೂರು ಅಡಿಗೆ ನಾಲ್ಕು ಅಡಿ ಅಂದರೆ ಸಣ್ಣದು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಸುಮಾರು 288 ಅಡಿ ಉದ್ದದ ಹೊಲಿಗೆ. ಮೊದಲು ಜಾಲಿಯ ಗೆರೆಗಳನ್ನೇ ಹಿಡಿದು ಹೊಲಿಯೋಣ ಅಂದುಕೊಂಡಿದ್ದೆ. ಕಾಕು ಬೇಡ ಅಂದರು. "ಕೌದಿ ಹೊಲಿಗಿ ಚಿತ್ರ ನೋಡಿ ನಡ್ಯೂದಿಲ್ಲ. ಅದು ತನ್ನ ಹಾದಿ ತಾನ ನಡೀತೈತಿ." ಅವರ ಮಾತು ಸರಿ ಇತ್ತು. ಸಾಲು ಸಿಮೆಂಟಿನ ಮೇಲೂ ಹೋಗುತ್ತದೆ, ಕಿಂಡಿಯ ಮೇಲೂ ಹೋಗುತ್ತದೆ, ಬೇವಿನ ಮೇಲೂ, ಇಟ್ಟಿಗೆಯ ಮೇಲೂ. ದೂರದಿಂದ ಜಾಲಿ ಕಾಣುತ್ತದೆ. ಹತ್ತಿರ ಬಂದರೆ ಎಲ್ಲದರ ಮೇಲೆ ಒಂದೇ ಸಮನೆ ಬಿದ್ದ ಸಣ್ಣ ಮಳೆ ಹಾಗೆ ಹೊಲಿಗೆ. ಫೋಟೊದಲ್ಲಿ ಇದು ಇಲ್ಲ. ಕೌದಿ ಫೋಟೊವನ್ನು ಬಿಟ್ಟು ಬೇರೆ ಆದದ್ದು ಈ ಸಾಲುಗಳಿಂದ.

ಮುಗಿದ ಮೇಲೆ ಒಮ್ಮೆ ನೀರಿಗೆ ಹಾಕಿ, ಬಾಲ್ಕನಿಯ ಹಗ್ಗದ ಮೇಲೆ ಹರವಿದೆ. ಸಂಜೆ ಒಳಗಿನಿಂದ ನೋಡುತ್ತೇನೆ, ಕಿಂಡಿಗಳು ಬೆಳಗುತ್ತಿವೆ! ಬೂದು ಇದ್ದ ಕಡೆ ಒಂದು ಪದರ ಜಾಸ್ತಿ, ಬಣ್ಣವೂ ಗಾಢ, ಬೆಳಕು ನಿಲ್ಲುತ್ತದೆ. ಕಿಂಡಿಯ ಕಡೆ ಸವೆದ ಮೂರೇ ಪದರ, ಬೆಳಕು ದಾಟುತ್ತದೆ. ಇದನ್ನು ನಾನು ಯೋಚಿಸಿ ಮಾಡಿರಲಿಲ್ಲ. ಅಪ್ಪನ ಧೋತರದ ನೇಯ್ಗೆಯ ಎಳೆ ಎಳೆ ಕಾಣುತ್ತಿತ್ತು. ನೆಲದ ಮೇಲೆ, ಬಹಳ ಮಸುಕಾಗಿ, ವೃತ್ತಗಳು ಬಿದ್ದಿದ್ದವು. ಕತ್ತಲಾಗುವವರೆಗೆ ನಾನು ದೀಪ ಹಾಕಲಿಲ್ಲ.

ಹೋದ ಡಿಸೆಂಬರಿನಲ್ಲಿ ಕೌದಿಯನ್ನು ಕಾಕುಗೆ ತೋರಿಸಲು ತೆಗೆದುಕೊಂಡು ಹೋದೆ. ಮಂಚದ ಮೇಲೆ ಹಾಸಿದೆ. ಮೊದಲು ಹಿಂದುಮುಂದು ತಿರುಗಿಸಿ ಹೊಲಿಗೆ ನೋಡಿದರು. ಅಂಗೈಯಿಂದ ಪೂರ್ತಿ ಸವರಿದರು. "ಇದು ಕೂಸಿನ ಕೌದಿ ಅಳತಿ ಆತು" ಅಂದರು. ಗೋಡೆಗೆ ಹಾಕುತ್ತೇನೆ ಅಂದೆ. ಏನೂ ಅನ್ನಲಿಲ್ಲ. ಕಣ್ಣು ಹತ್ತಿರ ತಂದು ಕೆಳಗಿನ ಅಂಚಿನಿಂದ ಸಾಲು ಎಣಿಸತೊಡಗಿದರು. ಮೂರನೇ ಸಾಲು, ಎಡಗಡೆಯಿಂದ ಎರಡನೇ ತುಂಡು, ಮೇಲಿನ ಬಲ ಮೂಲೆಯ ಕಿಂಡಿ. ಅಲ್ಲಿ ನಾನು ಶಾಲೆಯ ಅಂಗಿಯ ತುಂಡು ಇಟ್ಟಿದ್ದೆ. ಅದರ ಮೇಲೆ ಬೆರಳಿಟ್ಟರು.

"ಇದು ನಂದು."

ನಲವತ್ತು ವರ್ಷದಿಂದ ಹಾಲಿನವರು ಬೆಳಿಗ್ಗೆ ಪಾಕೀಟು ಇಟ್ಟು ಹೋಗುವುದು ಆ ಕಿಂಡಿಯ ತಗ್ಗಿನಲ್ಲಂತೆ. ನಾನು ಫೋಟೊ ತೆಗೆದದ್ದು ಸಂಜೆ, ಆಗ ಅದು ಖಾಲಿ. ಕಾಕಾ ಇದ್ದಾಗ ಮನೆಯ ಕೀಲಿಯನ್ನೂ ಅಲ್ಲೇ ಇಟ್ಟು ಹೋಗುತ್ತಿದ್ದರು. ನಮ್ಮ ಮನೆಗೆ ಬಂದ ಪತ್ರಗಳನ್ನು ಪೋಸ್ಟಿನವರು ಅಲ್ಲೇ ಸಿಕ್ಕಿಸುತ್ತಿದ್ದರು, ಅವ್ವ ಇಳಿದು ಬಂದು ತೆಗೆದುಕೊಳ್ಳುತ್ತಿದ್ದಳು. ಆ ಕಿಂಡಿಯಲ್ಲಿ ಅಷ್ಟೆಲ್ಲ ಇತ್ತು, ನನಗೆ ಒಂದೂ ಗೊತ್ತಿರಲಿಲ್ಲ.

"ಇಲ್ಲೊಂದು ಕಿಸೆ ಇಡಬೇಕಿತ್ತು ನೀ" ಅಂದರು ಕಾಕು.

ಅಂದು ರಾತ್ರಿ ಅವರ ನಡುಮನೆಯಲ್ಲೇ ಕೂತು ಆ ಒಂದು ಕಿಂಡಿಯ ಮೇಲಂಚಿನ ಹೊಲಿಗೆ ಬಿಚ್ಚಿದೆ. ಅದನ್ನು ದಾಟುವ ಕೌದಿಯ ಸಾಲುಗಳನ್ನೂ ಅಲ್ಲಿ ಬಿಡಿಸಿ, ಆ ಕಡೆ ಈ ಕಡೆ ಗಟ್ಟಿ ಮಾಡಿದೆ. ಅಂಗಿಯ ಬಟ್ಟೆಯ ಹಿಂದೆ ಈಗ ಎರಡು ಬೆರಳು ಹೋಗುವಷ್ಟು ಜಾಗ ಇದೆ. ಕಾಕು ಸೊಂಟದ ಚೀಲದಿಂದ ತಮ್ಮ ಕೌದಿ ಸೂಜಿಗಳಲ್ಲಿ ಒಂದನ್ನು ತೆಗೆದು, ಚಿಂದಿಗೆ ಚುಚ್ಚಿ, ಅದರೊಳಗೆ ಇಟ್ಟರು.